ಹಿತ್ತಲ ಬಾಗಿಲಿಗೆ ಹಸಿರು ಬೋರ್ಡು

ದೊಡ್ಡ ದೊಡ್ಡ ಕಟ್ಟಡಗಳಿಗೆ ಬೆಂಕಿ ಬಿದ್ದರೆ ಜನ ಯಾವ ಕಡೆಯಿಂದ ಓಡಬೇಕು ಎಂದು ನಕ್ಷೆ ಬರೆದುಕೊಡುವ ಮನುಷ್ಯನ ಸ್ವಂತ ಮನೆಯ ಹಿತ್ತಲ ಬಾಗಿಲು ಅರ್ಧಕ್ಕಿಂತ ಹೆಚ್ಚು ತೆರೆಯುತ್ತಿರಲಿಲ್ಲ. ಇದು ಅನ್ಯಾಯವಲ್ಲದೆ ಇನ್ನೇನು? ಬಾಗಿಲ ಪಕ್ಕದಲ್ಲೇ ಅತ್ತೆಯ ಬೀರು ನಿಂತಿತ್ತು. ಒಳಕ್ಕೆ ತೆರೆಯುವ ಬಾಗಿಲು ಅದಕ್ಕೆ ಢಿಕ್ಕಿ ಹೊಡೆದು ಅಲ್ಲೇ ನಿಲ್ಲುತ್ತಿತ್ತು. ಯಜಮಾನರು (ಆಫೀಸಿನಲ್ಲಿ ಮಾತ್ರ ನಿಜವಾದ ಯಜಮಾನರು) ಆ ಸಂದಿಯಲ್ಲಿ ಉಸಿರು ಬಿಗಿಹಿಡಿದು ನುಸುಳುವಾಗಲೆಲ್ಲ ಅವರ ರಕ್ತ ಕುದಿಯುತ್ತಿತ್ತು.

"ಸಿನಿಮಾ ಮಂದಿರದವರಿಗೇ ಬೈದು ಬಾಗಿಲು ದೊಡ್ಡದು ಮಾಡಿಸಿದವನು ನಾನು! ನನ್ನ ಮನೇಲಿ ಹಲ್ಲಿ ಥರ ಗೋಡೆಗೆ ಅಂಟ್ಕೊಂಡು ಓಡಾಡಬೇಕಾ?"

"ಹೊಟ್ಟೆ ಕರಗಿಸಿ ನೋಡಿ, ಬಾಗಿಲು ತಾನಾಗೇ ದೊಡ್ಡದಾಗುತ್ತೆ," ಎಂದಳು ಹೆಂಡತಿ.

"ಬೆಂಕಿ ಬಿದ್ದಾಗ ಹೊಟ್ಟೆ ಕರಗಿಸ್ತಾ ಕೂರೋಕಾಗುತ್ತೇನೇ?"

"ಪಾಪ, ಆ ಬೀರು ಅಳಿಯಂದಿರಿಗೆ ಏನು ಮಾಡಿತ್ತೋ," ಎಂದು ಅತ್ತೆ ಗೋಡೆಗೆ ಹೇಳಿದರು. ಅದು ಅವರು ತವರಿನಿಂದ ತಂದ ಬೀರು.

ಯಜಮಾನರಿಗೆ ರೇಗಿಹೋಯಿತು. ಎದ್ದು ನಿಂತು ರಾಜಾಜ್ಞೆ ಹೊರಡಿಸಿದರು. "ಭಾನುವಾರ ಬೆಳಿಗ್ಗೆ ಗಂಟೆ ಬಾರಿಸ್ತೀನಿ. ಎಲ್ಲರೂ ಹಿತ್ತಲ ಬಾಗಿಲಿಂದ ಹೊರಗೆ ಬರಬೇಕು. ಬಾಗಿಲಿಗೆ ಏನು ಅಡ್ಡ ಬರುತ್ತೋ ಅದು ಅವತ್ತೇ ಗುಜರಿಗೆ!"

"ಯಾರದ್ದಾದ್ರೂ?" ಎಂದಳು ಹೆಂಡತಿ.

"ಯಾರದ್ದಾದ್ರೂ! ಅತ್ತು ಕರೆದರೂ ಕೇಳಲ್ಲ."

"ಕೇಳಿಸ್ಕೊಂಡ್ಯಾ ಪುಟ್ಟೀ? ನೀನೇ ಸಾಕ್ಷಿ," ಎಂದು ಹೆಂಡತಿ ಮಗಳ ಕಡೆ ತಿರುಗಿದಳು.

ಅಷ್ಟಕ್ಕೇ ಬಿಟ್ಟಿದ್ದರೆ ಬೀರು ಗುಜರಿ ಸೇರುತ್ತಿತ್ತು, ಕಥೆ ಮುಗಿಯುತ್ತಿತ್ತು. ಆದರೆ ವಿದ್ಯೆ ಸುಮ್ಮನಿರಲು ಬಿಡಬೇಕಲ್ಲ! ಜನ ಓಡುವ ದಿಕ್ಕಿಗೇ ಬಾಗಿಲು ತೆರೆಯಬೇಕು ಎನ್ನುವುದು ಅವರ ಕಸುಬಿನ ಮೊದಲ ಪಾಠ. ಶನಿವಾರ ಬಡಗಿಯನ್ನು ಕರೆಸಿ, ಒಳಕ್ಕೆ ತೆರೆಯುತ್ತಿದ್ದ ಬಾಗಿಲನ್ನು ಹೊರಕ್ಕೆ ತೆರೆಯುವಂತೆ ಮಾಡಿಸಿದರು. ಬಣ್ಣ ಬಳಿಸಿದರು. ಮೇಲೆ 'ತುರ್ತು ನಿರ್ಗಮನ' ಎಂಬ ಹಸಿರು ಬೋರ್ಡನ್ನೂ ಹೊಡೆಸಿದರು. ಬಡಗಿ ಹೋದ ಮೇಲೆ, ಅವನ ಕೆಲಸಕ್ಕೆಂದು ಮುಂದಿನ ಅಂಗಳಕ್ಕೆ ಸಾಗಿಸಿದ್ದ ತಮ್ಮ ಸ್ಕೂಟರನ್ನು ಪಕ್ಕದ ಓಣಿಯಿಂದ ತಳ್ಳಿಕೊಂಡು ಬಂದು, ಹಿತ್ತಲಿನಲ್ಲಿ ಅದರ ಮಾಮೂಲಿ ಜಾಗದಲ್ಲೇ ನಿಲ್ಲಿಸಿದರು. ಮದುವೆಯಾದ ಹೊಸತರಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಮೆರೆದ ಗಾಡಿ ಅದು. ಓಡುವುದನ್ನು ನಿಲ್ಲಿಸಿ ಎಷ್ಟೋ ವರ್ಷವಾಗಿದ್ದರೂ ಅದಕ್ಕೆ ಸ್ನಾನ ಮಾತ್ರ ತಪ್ಪಿಸುತ್ತಿರಲಿಲ್ಲ. ಮೈಗೆ ಚಾದರ ಹೊದಿಸಿ, ಕಿಟಕಿಯ ಸರಳಿಗೆ ಸರಪಳಿ ಬಿಗಿದು, "ಬಣ್ಣ ಹಸಿ ಇದೆ, ಬೆಳಿಗ್ಗೆವರೆಗೂ ಯಾರೂ ಬಾಗಿಲು ಮುಟ್ಟಬೇಡಿ" ಎಂದು ಅಪ್ಪಣೆ ಕೊಟ್ಟು ಮಲಗಿದರು.

ಭಾನುವಾರ ಗಂಟೆ ಮೊಳಗಿತು. "ಬೆಂಕಿ! ಬೆಂಕಿ! ಎಲ್ಲರೂ ನನ್ನ ಹಿಂದೆ ಬನ್ನಿ!" ಎಂದು ಯಜಮಾನರು ಬೀರಿನ ಮುಂದೆ ಜಯಭೇರಿ ಬಾರಿಸುತ್ತ ನುಗ್ಗಿ ಬಾಗಿಲು ದೂಡಿದರು. ಬಾಗಿಲು ಗೇಣಗಲ ತೆರೆದು ಏನಕ್ಕೋ ಬಡಿದು ನಿಂತಿತು. ಹುಮ್ಮಸ್ಸಿನಲ್ಲಿ ತಲೆ ತೂರಿಸಿದರು, ಭುಜ ತೂರಿಸಿದರು. ಹೊಟ್ಟೆ ಮಾತ್ರ ಒಪ್ಪಲಿಲ್ಲ. ಈಗ ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ.

"ತಳ್ರೇ!" ಎಂದು ಅರಚಿದರು. ಹಿಂದೆ ಯಾರಿದ್ದರೆ ತಾನೆ ತಳ್ಳುವುದು? ಮನೆಯವರೆಲ್ಲ ಆಗಲೇ ಮುಂಬಾಗಿಲಿನಿಂದ ಹೊರಗೆ ಬಂದು, ಓಣಿ ಸುತ್ತಿಕೊಂಡು, ಅವರ ಮುಖದ ಎದುರಿಗೇ ಬಂದು ನಿಂತಿದ್ದರು. ಮಂಡಿನೋವಿನ ಅತ್ತೆ ಕೂಡ ಕೋಲೂರಿಕೊಂಡು, ಕನ್ನಡಕ ಹಾಕಿಕೊಂಡು, ಎಲ್ಲರಿಗಿಂತ ಮೊದಲು ಹಾಜರಾಗಿದ್ದರು.

"ಅಪ್ಪಾ, ಬೀರು ಅಡ್ಡ ಇಲ್ಲ," ಎಂದು ಪುಟ್ಟಿ ಚಾದರ ಎತ್ತಿದಳು. "ನಿಮ್ಮ ಸ್ಕೂಟರ್ ಅಡ್ಡ ಇದೆ."

"ಅದು... ಅದನ್ನ ಸ್ವಲ್ಪ ಪಕ್ಕಕ್ಕೆ ಸರಿಸಿದ್ರೆ ಆಯ್ತು!"

"ಅತ್ತು ಕರೆದರೂ ಕೇಳಲ್ಲ ಅಂದ್ರಲ್ಲ?" ಎಂದಳು ಹೆಂಡತಿ. "ಸರಪಳಿ ಕೀಲಿ ಎಲ್ಲಿಟ್ಟಿದ್ದೀರಿ?"

ಅದು ಅವರ ಪ್ಯಾಂಟಿನ ಜೇಬಿನಲ್ಲಿತ್ತು. ಜೇಬು ಬಾಗಿಲಿನ ಒಳಗಡೆ ಇತ್ತು.

ಕೊನೆಗೆ ಹೆಂಡತಿಯೇ ಒಳಗೆ ಹೋಗಿ ಕೀಲಿ ತೆಗೆದುಕೊಂಡಳು. ಸ್ಕೂಟರ್ ಸರಿಯಿತು, ಯಜಮಾನರು ಅಂಗಿಯ ತುಂಬ ಬಣ್ಣ ಹತ್ತಿಸಿಕೊಂಡು ಹೊರಕ್ಕೆ ಬಿದ್ದರು. ಮಧ್ಯಾಹ್ನ ಗುಜರಿಯವನು ಬಂದ. ಯಜಮಾನರು ನಿಜಕ್ಕೂ ಕಣ್ಣಲ್ಲಿ ನೀರು ತಂದುಕೊಂಡು, ಹಸಿರು ಬೋರ್ಡಿನ ಕೆಳಗೆ ನಿಂತು, ಗಾಡಿ ಓಣಿ ದಾಟಿ ಮರೆಯಾಗುವವರೆಗೂ ನೋಡಿದರು.

"ಬಾಗಿಲು ಈಗ ಎಷ್ಟು ಚೆನ್ನಾಗಿ ತೆರೆಯುತ್ತೆ ಅಳಿಯಂದಿರೇ," ಎಂದರು ಅತ್ತೆ, ಬೀರಿನ ಧೂಳು ಒರೆಸುತ್ತ.

ಆ ಮನೆಯಿಂದ ಇದುವರೆಗೆ ತುರ್ತಾಗಿ ನಿರ್ಗಮಿಸಿದ್ದು ಆ ಸ್ಕೂಟರ್ ಒಂದೇ.