ಪ್ರಥಮ ದರ್ಜೆಯಲ್ಲಿ ಪಾಸಾದ ಡೆವಲಪರ್

ಭಾನುವಾರ ಬಂತೆಂದರೆ ಆ ಮನೆಯಲ್ಲಿ ಮಧ್ಯಾಹ್ನದವರೆಗೆ ಯಾರಿಗೂ ಸ್ನಾನವಿಲ್ಲ ಎಂಬಂತಾಗಿ ಐದು ವಾರಗಳಾಗಿದ್ದವು. ಸ್ನಾನದ ಮನೆಗೆ ಬಡ್ತಿ ಸಿಕ್ಕಿತ್ತು. ಕಿಟಕಿಗೆ ಕರಿ ರಟ್ಟು, ಬಾಗಿಲ ಸಂದಿಗೆ ತುರುಕಲು ಮೂರು ಟವೆಲು, ಹೊರಗೆ ‘ಕತ್ತಲಕೋಣೆ: ಅಪ್ಪಣೆಯಿಲ್ಲದೆ ಪ್ರವೇಶವಿಲ್ಲ’ ಎಂಬ ದುಂಡಕ್ಷರದ ಫಲಕ. ಫಲಕ ಬರೆದವರು ಮನೆಯ ಯಜಮಾನರಾದ ಗಣಿತದ ಮೇಷ್ಟ್ರು. ಅಪ್ಪಣೆ ಕೊಡುವವರು ಅವರ ಹೆಂಡತಿ. (ಯಜಮಾನಿಕೆ ಎಂಬುದು ಆ ಮನೆಯಲ್ಲಿ ಕರೆಗಂಟೆಯ ಪಕ್ಕದ ಹೆಸರಿನ ಮಟ್ಟಿಗೆ ಮಾತ್ರ.)

ಇಷ್ಟೆಲ್ಲ ಸಂಭ್ರಮವಿದ್ದರೂ ಆ ಕೋಣೆಯಲ್ಲಿ ಇದುವರೆಗೆ ಒಂದು ಗೇಣು ಫಿಲ್ಮನ್ನೂ ತೊಳೆದಿರಲಿಲ್ಲ. ಮೇಷ್ಟ್ರು ಇನ್ನೂ ಡೆವಲಪರ್ ಆರಿಸುತ್ತಿದ್ದರು.

ಎಲ್ಲಕ್ಕೂ ಕಾರಣ ಅತ್ತೆಯವರ ಪೆಟ್ಟಿಗೆ. ಹೆಂಡತಿಯ ತಾಯಿ ಇವರ ಜೊತೆಗಿರಲು ಬಂದಾಗ ಸೀರೆಗಳ ಅಡಿಯಲ್ಲಿ ಮಾವನವರ ಹಳೆಯ ಕ್ಯಾಮೆರಾ ಬಂತು. ಒಳಗೆ ಒಂದು ಕಪ್ಪುಬಿಳುಪು ರೀಲು, ಒಂಬತ್ತು ವರ್ಷದಿಂದ ತೊಳೆಯದೆ ಉಳಿದದ್ದು. ಮಾವನವರು ಬದುಕಿನುದ್ದಕ್ಕೂ ಊರಿನವರ ಫೋಟೋ ತೆಗೆದರೇ ಹೊರತು ತಮ್ಮದು ತೆಗೆಸಿಕೊಂಡವರಲ್ಲ. ಆ ರೀಲಿನ ಕೊನೆಯಲ್ಲಿ ಒಂದೇ ಒಂದು ಸಲ, ಅವರನ್ನು ಗದರಿಸಿ ನಿಲ್ಲಿಸಿ, ಅತ್ತೆ ತಾವೇ ಬಟನ್ ಒತ್ತಿದ್ದರು. ಅದಾದ ಹತ್ತನೆಯ ದಿನ ಮಾವ ಹೋಗಿಬಿಟ್ಟರು. ಈಗ ಅತ್ತೆಯ ಎರಡು ಕಣ್ಣಿಗೂ ಮಂಜು ಕವಿಯುತ್ತಿತ್ತು.

“ಪೂರ್ತಿ ಮಬ್ಬಾಗೋ ಮುಂಚೆ ಅದೊಂದು ನೋಡ್ಬೇಕು ಅಂತ ಆಸೆ. ಅಂಗಡಿಗೆ ಕೊಡೋಕೆ ಮನಸ್ಸಿಲ್ಲ. ಮನೇಲಿ ತೊಳೆಯೋಕಾಗುತ್ತಾ, ಅಳಿಯಂದಿರೇ?” ಎಂದು ಅವರು ಕೇಳಿದ್ದೇ ತಡ, ಮೇಷ್ಟ್ರು ಎದೆಯುಬ್ಬಿಸಿ ಎದ್ದು ನಿಂತರು.

“ಅತ್ತೆ, ಇದು ಶುದ್ಧ ಲೆಕ್ಕದ ವಿಷಯ. ನನಗೆ ಬಿಡಿ.”

“ಬಿಡ್ತೀನಿ. ಆದ್ರೆ ಮೊದಲು ಬೇರೆ ಒಂದು ರೀಲು ತೊಳೆದು ತೋರಿಸಿ. ಅದು ಸರಿಹೋದ್ರೆ ನನ್ನದು ಕೊಡ್ತೀನಿ” ಎಂದರು ಅತ್ತೆ. ಮೇಷ್ಟ್ರಿಗೆ ಇದು ಕೊಂಚ ಅವಮಾನವೆನ್ನಿಸಿತು. ಪರೀಕ್ಷೆ ಮಾಡುವುದು ಅವರ ಕಸುಬು, ಬರೆಯುವುದಲ್ಲ.

ಅಂದಿನಿಂದ ಊಟದ ಮೇಜಿನ ಮೇಲೆ ಪಾಠ ಶುರುವಾಯಿತು. ಫಿಲ್ಮಿನ ಮೇಲೆ ಚಿತ್ರ ಮೊದಲೇ ಬಿದ್ದಿರುತ್ತದೆ, ಆದರೆ ಬ್ರಹ್ಮನಿಗೂ ಕಾಣುವುದಿಲ್ಲ. ಅದನ್ನು ಹೊರಗೆ ಕರೆಯುವ ದ್ರಾವಣವೇ ಡೆವಲಪರ್. ಹೊರಗೆ ಬಂದದ್ದು ಕೆಡದಂತೆ ಹಿಡಿದಿಡುವುದು ಫಿಕ್ಸರ್. ಹೇಳುತ್ತ ಹೇಳುತ್ತ ಮೇಷ್ಟ್ರಿಗೇ ಮೈ ಜುಮ್ಮೆನ್ನುತ್ತಿತ್ತು. ಕಾಣದ ಚಿತ್ರ ಒಂಬತ್ತು ವರ್ಷ ಕತ್ತಲಲ್ಲಿ ಸುಮ್ಮನೆ ಕೂತಿದೆ, ಒಂದಿಷ್ಟು ನೀರು ತಾಕಿದರೆ ಎದ್ದು ಬರುತ್ತದೆ ಎಂದರೆ ಸಾಮಾನ್ಯವೇ? ಅತ್ತೆ ತಟ್ಟೆಯ ಮುಂದೆ ಕೈ ಒಣಗುವವರೆಗೆ ಕೂತು, “ಹೌದಾ? ಓಹೋ!” ಎನ್ನುತ್ತಿದ್ದರು. ಇಂಥ ವಿದ್ಯಾರ್ಥಿ ಮೇಷ್ಟ್ರಿಗೆ ಇಪ್ಪತ್ತು ವರ್ಷದ ಸರ್ವಿಸಿನಲ್ಲಿ ಸಿಕ್ಕಿರಲಿಲ್ಲ.

ಆದರೆ ಡೆವಲಪರು ಒಂದೇ ಎರಡೇ! ಪುಡಿಯದು, ದ್ರವದ್ದು, ಒಮ್ಮೆ ಬಳಸಿ ಚೆಲ್ಲುವುದು, ಬಾಟಲಿಯಲ್ಲಿಟ್ಟು ಮತ್ತೆ ಮತ್ತೆ ಬಳಸುವುದು, ನವಿರು ಚಿತ್ರ ಕೊಡುವುದು, ಗೆರೆ ಚೂಪಾಗಿ ಕೊಡುವುದು. ಮೇಷ್ಟ್ರು ಶಾಲೆಯ ಅಂಕಪಟ್ಟಿಯ ಪುಸ್ತಕವೊಂದನ್ನು ತಂದು ಹದಿನಾಲ್ಕು ಡೆವಲಪರುಗಳ ಹೆಸರು ಬರೆದು ಅಂಕ ಹಾಕತೊಡಗಿದರು. ನವಿರಿಗೆ ಇಪ್ಪತ್ತೈದು, ಬಾಳಿಕೆಗೆ ಇಪ್ಪತ್ತು, ನಡತೆಗೆ ಹತ್ತು, ಹೀಗೆ ಒಟ್ಟು ನೂರಕ್ಕೆ.

“ರೀ, ಡೆವಲಪರಿಗೆ ನಡತೆ ಎಲ್ಲಿಂದ ಬಂತು?” ಹೆಂಡತಿ ಕೇಳಿದಳು. ಆಕೆ ದವಾಖಾನೆಯಲ್ಲಿ ಕಾಂಪೌಂಡರ್. ಬೆಳಗಿನಿಂದ ಸಂಜೆಯವರೆಗೆ ಪುಡಿ, ಮುಲಾಮು, ಮಿಕ್ಸ್ಚರುಗಳ ನಡುವೆಯೇ ಅವಳ ಸಂಸಾರ.

“ವಾಸನೆ ಬರುತ್ತಾ, ಕೈ ಕಡಿಯುತ್ತಾ, ಇದೆಲ್ಲ ನಡತೆ ಅಲ್ದೆ ಇನ್ನೇನೇ?”

“ಹಾಗಾದ್ರೆ ನಿಮ್ಮ ಕಾಲುಚೀಲ ಯಾವತ್ತೋ ಫೇಲು. ಸ್ನಾನದ ಮನೆ ಬಿಡಿ, ಇವತ್ತು ಭಾನುವಾರಾನೂ ನನಗೆ ಡ್ಯೂಟಿ ಇದೆ.”

ಐದನೆಯ ವಾರ ಫಲಿತಾಂಶ ಪ್ರಕಟವಾಯಿತು. ಪುಡಿಯ ಡೆವಲಪರೊಂದು ಎಂಬತ್ತೇಳು ಅಂಕ ಪಡೆದು ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾಯಿತು. ಮೇಷ್ಟ್ರು ಫೋಟೋ ಸಾಮಾನಿನ ಅಂಗಡಿಗೆ ಹೋಗಿ ಅದರ ಹೆಸರನ್ನು ಗಂಭೀರವಾಗಿ ಉಚ್ಚರಿಸಿದರು. ಗಲ್ಲಾದಲ್ಲಿದ್ದ ಮುದುಕರು ಕನ್ನಡಕ ಮೇಲೆತ್ತಿ ನೋಡಿದರು.

“ಮೊದಲನೇ ಸಲಾನಾ, ಮೇಷ್ಟ್ರೇ? ಹಾಗಾದ್ರೆ ಈ ದ್ರವದ ಬಾಟಲಿ ತಗೊಳ್ಳಿ. ಬೇಕಾದಷ್ಟು ನೀರಿಗೆ ಬೆರೆಸಿ, ಒಂದು ಸಲ ಬಳಸಿ, ಚೆಲ್ಲಿ. ತಲೆ ಕೆಡಿಸ್ಕೊಳ್ಳೋದೇ ಬೇಡ.”

“ಅದಕ್ಕೆ ಅರವತ್ತೊಂದೇ ಬಂದಿರೋದು” ಎಂದರು ಮೇಷ್ಟ್ರು.

ಮುದುಕರಿಗೆ ಏನೂ ಅರ್ಥವಾಗಲಿಲ್ಲ. ಸುಮ್ಮನೆ ಪುಡಿಯ ಪೊಟ್ಟಣ ಕೊಟ್ಟು ಕಳಿಸಿದರು.

ಪೊಟ್ಟಣದ ಮೇಲೆ ‘ಪೂರ್ತಿ ಪುಡಿಯನ್ನು ಒಂದು ಲೀಟರ್ ನೀರಿನಲ್ಲಿ ಕರಗಿಸಿ’ ಎಂದಿತ್ತು. ಫಿಲ್ಮು ತೊಳೆಯುವ ಮುಚ್ಚಳದ ಡಬ್ಬಿ ಹಿಡಿಯುವುದು ಕಾಲು ಲೀಟರ್. ಬೇರೆ ಯಾರೇ ಆಗಿದ್ದರೂ ಒಂದು ಲೀಟರ್ ಮಾಡಿಟ್ಟು ಕಾಲು ಲೀಟರ್ ಬಳಸುತ್ತಿದ್ದರು. ಆದರೆ ಮೇಷ್ಟ್ರಿಗೆ ತ್ರೈರಾಶಿ ಎಂದರೆ ಪ್ರಾಣ. ಅಡುಗೆಮನೆಯ ತಕ್ಕಡಿ ತಂದು, ಉಸಿರು ಬಿಗಿಹಿಡಿದು, ಪೊಟ್ಟಣದ ಮೇಲಿನಿಂದ ಸರಿಯಾಗಿ ನಾಲ್ಕರಲ್ಲಿ ಒಂದು ಪಾಲು ತೂಗಿ, ಕಾಲು ಲೀಟರ್ ನೀರಿಗೆ ಹಾಕಿ ಕಲಕಿದರು. ಉಳಿದ ಮುಕ್ಕಾಲನ್ನು ಮಡಚಿ ರಬ್ಬರ್‌ಬ್ಯಾಂಡ್ ಹಾಕಿಟ್ಟರು. ಆ ಲೆಕ್ಕದ ಸೊಗಸಿಗೆ ತಾವೇ ತಲೆದೂಗಿದರು.

ಎರವಲು ಕ್ಯಾಮೆರಾದಲ್ಲಿ ಮೇಷ್ಟ್ರು ತೆಗೆದ ಪರೀಕ್ಷೆಯ ರೀಲಿನಲ್ಲಿ ಹೆಂಡತಿಯ ಆರು ಚಿತ್ರ, ಅತ್ತೆಯ ನಾಲ್ಕು, ಶಾಲೆಯ ಕರಿಹಲಗೆಯವು ಹನ್ನೆರಡು ಇದ್ದವು. ಫಿಲ್ಮನ್ನು ಕಗ್ಗತ್ತಲಲ್ಲಿ ತಡವಿ ತಡವಿ ಸುರುಳಿಚಕ್ರಕ್ಕೆ ಸುತ್ತಿ, ಡಬ್ಬಿಯೊಳಗಿಟ್ಟು ಮುಚ್ಚಬೇಕು. ಮುಚ್ಚಿದ ಮೇಲೆ ಬೆಳಕು ಬಂದರೂ ಚಿಂತೆಯಿಲ್ಲ. ಮೇಷ್ಟ್ರು ಒಳಗೆ ಹೋಗಿ ನಲವತ್ತು ನಿಮಿಷವಾಯಿತು. ಬಕೆಟ್ಟು ಬಿದ್ದ ಸದ್ದು, ನಲ್ಲಿಗೆ ತಲೆ ತಾಗಿದ ಸದ್ದು, ಅನಂತರ ಗಣಿತದ ಮೇಷ್ಟ್ರಿಗೆ ಶೋಭಿಸದ ಒಂದೆರಡು ಮಾತು ಕೇಳಿಬಂದವು. ಕೊನೆಗೆ ತೊಳೆದು, ಫಿಕ್ಸ್ ಮಾಡಿ, ಒದ್ದೆ ಫಿಲ್ಮನ್ನು ಎತ್ತಿ ಹಿಡಿದು ಹೊರಗೆ ಬಂದರು. ಅದು ಕಿಟಕಿಯ ಗಾಜಿನಷ್ಟು ನಿರ್ಮಲವಾಗಿತ್ತು.

“ರೀ, ಇದರಲ್ಲಿ ನಾನೆಲ್ಲಿ?” ಹೆಂಡತಿ ಕೇಳಿದಳು.

“ಇಲ್ಲೇ ಎಲ್ಲೋ ಇರ್ತೀಯ, ಸರಿಯಾಗಿ ಹುಡುಕು. ನೋಡು, ಇಲ್ಲೊಂದು ಹೊಗೆ ಥರ ಇದೆ.”

“ಆ ಹೊಗೆ ನಾನಾ?”

ನೀರು ಸರಿಯಿಲ್ಲ, ಫಿಲ್ಮು ಹಳತು, ಬಕೆಟ್ಟು ಅಡ್ಡ ಬಂತು ಎಂದು ಮೇಷ್ಟ್ರು ಒಂದೊಂದೇ ಆರೋಪಿಯನ್ನು ಹಿಡಿದು ತಂದರು. ಅಷ್ಟರಲ್ಲಿ ಹೆಂಡತಿಯ ಕಣ್ಣು ರಬ್ಬರ್‌ಬ್ಯಾಂಡ್ ಹಾಕಿದ ಪೊಟ್ಟಣದ ಮೇಲೆ ಬಿತ್ತು.

“ಇದರಲ್ಲಿ ಪುಡಿ ಯಾಕೆ ಉಳಿದಿದೆ?”

“ಕಾಲು ಭಾಗ ತಗೊಂಡೆ. ಕರಾರುವಾಕ್ಕಾಗಿ.”

ಹೆಂಡತಿ ಹಣೆ ಚಚ್ಚಿಕೊಂಡಳು. “ಅಯ್ಯೋ ಕರ್ಮವೇ! ಇದರಲ್ಲಿ ನಾಲ್ಕೈದು ಥರದ ಪುಡಿ ಇರುತ್ತೆ ಕಣ್ರೀ. ಅಲ್ಲಾಡಿ ಅಲ್ಲಾಡಿ ಕೆಲವು ಕೆಳಗಿಳೀತವೆ, ಕೆಲವು ಮೇಲೇ ಉಳೀತವೆ. ಮೇಲಿನ ಕಾಲು ಭಾಗದಲ್ಲಿ ಏನು ಬಂತೋ ಏನು ಬಿಡ್ತೋ! ಎಲ್ಲಾನೂ ಒಟ್ಟಿಗೆ ಕರಗಿಸಿದ್ರೆ ತಾನೇ ಸಮ ಆಗೋದು? ನಾನು ಹೀಗೆ ಔಷಧಿ ಕೊಟ್ಟಿದ್ರೆ ದವಾಖಾನೆ ಮುಂದೆ ಹೆಣಗಳ ಸಾಲು ಇರ್ತಿತ್ತು.”

ಮೇಷ್ಟ್ರ ಕಣ್ಣ ಮುಂದೆ ಬಂದದ್ದು ತಮ್ಮ ಸೋಲಲ್ಲ, ಅತ್ತೆಯ ರೀಲು. ಅತ್ತೆ ಹಟ ಹಿಡಿಯದೆ ಅದನ್ನೇ ಮೊದಲು ಕೊಟ್ಟಿದ್ದರೆ ಮಾವನವರು ಇಷ್ಟು ಹೊತ್ತಿಗೆ ಮೋರಿಯಲ್ಲಿ ಹರಿದು ಹೋಗಿರುತ್ತಿದ್ದರು.

ಅತ್ತೆ ಗೋಡೆ ಹಿಡಿದುಕೊಂಡು ಬಂದು ಒದ್ದೆ ಫಿಲ್ಮನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದರು. ಆಮೇಲೆ ಸೆರಗು ಸಿಕ್ಕಿಸಿಕೊಂಡರು.

“ಮಗಳೇ, ಆ ಬಾಟಲಿ ತಗೊಂಡು ಬಾ.”

ಹೆಂಡತಿ ಚೀಲದಿಂದ ತೆಗೆದದ್ದು ಅರವತ್ತೊಂದು ಅಂಕದ ಅದೇ ದ್ರವದ ಡೆವಲಪರ್! “ಅಮ್ಮ ಮೊನ್ನೇನೇ ತರಿಸಿಟ್ಟಿದಾಳೆ” ಎಂದಳು, ಮೇಷ್ಟ್ರ ಮುಖ ನೋಡದೆ.

“ದ್ರವ ಆದ್ರೆ ಮೇಲೂ ಒಂದೇ, ಕೆಳಗೂ ಒಂದೇ. ಹೊಸ ಕೈಗೆ ಇದೇ ಸರಿ” ಎಂದರು ಅತ್ತೆ.

“ಹೊಸ ಕೈ ಅಂದ್ರೆ ಯಾರದು ಅತ್ತೆ?”

“ನಿಮ್ಮದೇ. ನೀವು ತೊಳೀತೀರಿ ಅಂತ ತರಿಸಿದ್ದೆ. ಇರ್ಲಿ, ಈಗ ನನ್ನ ರೀಲು ನಾನೇ ತೊಳೀತೀನಿ. ಬನ್ನಿ, ಬಾಗಿಲು ಹಾಕಿ.”

ಮೇಷ್ಟ್ರು ಟವೆಲುಗಳನ್ನು ತುರುಕಿ ದೀಪ ಆರಿಸಿದರು. ಮುದುಕಿಗೆ ಬೆಳಕಲ್ಲೇ ಬಾಗಿಲು ಕಾಣುವುದಿಲ್ಲ, ಕತ್ತಲಲ್ಲಿ ಏನು ಗತಿ ಎಂದು ಅವರಿಗೆ ಚಿಂತೆ. “ಅತ್ತೆ, ಗಾಬರಿಯಾಗಬೇಡಿ. ಮೊದಲನೆಯದಾಗಿ ಫಿಲ್ಮಿನ ತುದಿಯನ್ನು...” ಎಂದು ಶುರುಮಾಡಿದರು. ಟಕ್ ಎಂದಿತು. ಸರಸರ ಎಂದಿತು. ಮತ್ತೆ ಟಕ್ ಎಂದಿತು.

“ಮುಚ್ಚಿ ಆಯ್ತು. ಲೈಟ್ ಹಾಕಿ” ಎಂದರು ಅತ್ತೆ.

ಮೇಷ್ಟ್ರು ಬೆಕ್ಕಸಬೆರಗಾಗಿ ನಿಂತರು. ತಮಗೆ ನಲವತ್ತು ನಿಮಿಷ ಹಿಡಿದದ್ದು ಒಂದು ಕೆಮ್ಮು ಬಂದು ಹೋಗುವಷ್ಟರಲ್ಲಿ ಮುಗಿದಿತ್ತು. ಅತ್ತೆ ಹನಿ ಚೆಲ್ಲದೆ ಡೆವಲಪರನ್ನು ನೀರಿಗೆ ಬೆರೆಸಿದರು. ನೀರಿನ ಹದ ನೋಡಲು ಮಗಳು ಥರ್ಮಾಮೀಟರ್ ಹಿಡಿದಳು; ಅವಳು ಓದುವ ಮೊದಲೇ ಅತ್ತೆ ಕಿರುಬೆರಳು ಅದ್ದಿ, “ಇಪ್ಪತ್ತು ಡಿಗ್ರಿ” ಎಂದರು. ಥರ್ಮಾಮೀಟರೂ ಅದನ್ನೇ ಒಪ್ಪಿಕೊಂಡಿತು.

“ಅತ್ತೆ... ಇದೆಲ್ಲ ನಿಮಗೆ...”

“ನಿಮ್ಮ ಮಾವ ತೆಗೀತಿದ್ರು. ತೊಳೀತಿದ್ದೋಳು ನಾನು. ಇಪ್ಪತ್ತೆರಡು ವರ್ಷ.”

“ಮತ್ತೆ ಐದು ವಾರದಿಂದ ನಾನು ಪಾಠ ಮಾಡ್ತಿದ್ನಲ್ಲ! ಒಂದು ಮಾತು ಹೇಳ್ಬಾರದಿತ್ತಾ?”

“ಅಷ್ಟು ಖುಷಿಯಾಗಿ ಹೇಳ್ತಿದ್ರಿ, ಬಾಯಿ ಹಾಕೋಕೆ ಮನಸ್ಸಾಗ್ಲಿಲ್ಲ.” ಅತ್ತೆ ದ್ರಾವಣ ತುಂಬಿದ ಡಬ್ಬಿಯನ್ನು ಮಗುವಿನಂತೆ ಮೆಲ್ಲಗೆ ತಲೆಕೆಳಗು ಮಾಡಿ ಎತ್ತಿದರು. “ಈ ರೀಲು ಮಾತ್ರ ನನ್ನ ಕೈಲಿ ಆಗ್ಲಿಲ್ಲ ಅಳಿಯಂದಿರೇ. ಕೆಟ್ಟುಹೋದ್ರೆ ಅನ್ನೋ ಭಯ. ಇವತ್ತು ನಿಮ್ಮ ರೀಲು ನೋಡಿ ಧೈರ್ಯ ಬಂತು. ಅದಕ್ಕಿಂತ ಹೆಚ್ಚು ಕೆಡಿಸೋದು ಯಾರಿಗೂ ಸಾಧ್ಯ ಇಲ್ಲ.”

ಫಿಲ್ಮು ಹೊರಬಂತು. ಕೊಂಚ ಮಬ್ಬು ಹಿಡಿದಿತ್ತು, ಆದರೆ ಚಿತ್ರಗಳಿದ್ದವು. ಕೊನೆಯ ಚೌಕದ ನೆಗೆಟಿವ್‌ನಲ್ಲಿ ಬಿಳಿಯ ಮೀಸೆ ಕಪ್ಪಾಗಿ, ಕಪ್ಪು ಕೋಟು ಬಿಳಿಯಾಗಿ ಒಬ್ಬರು ನಿಂತಿದ್ದರು. ಒಣಗಿದ ಮೇಲೆ ಅದನ್ನು ಗಾಜಿನಡಿ ಫೋಟೋ ಕಾಗದಕ್ಕೆ ಒತ್ತಿಟ್ಟು, ಚಣಕಾಲ ಬೆಳಕು ತೋರಿಸಿ, ಕಾಗದವನ್ನು ಕೆಡಿಸದ ಕೆಂಪು ದೀಪದಲ್ಲಿ ತಟ್ಟೆಯ ದ್ರಾವಣಕ್ಕೆ ಬಿಟ್ಟರು. ಮೂವರೂ ಬಗ್ಗಿ ನೋಡಿದರು. ಬರೀ ಬಿಳಿ ಕಾಗದ. ಆಮೇಲೆ ಎಲ್ಲಿಂದಲೋ ಒಂದು ಕೋಟಿನ ಅಂಚು ಬಂತು. ಹೆಗಲು ಬಂತು. ನೀರಿನಡಿಯಿಂದ ಮಾವನವರು ತಮಗೇನೂ ಆಗಿಯೇ ಇಲ್ಲವೆಂಬಂತೆ ಮೇಲೆ ಬರತೊಡಗಿದರು. ಐದು ವಾರ ತಾವೇ ವಿವರಿಸಿದ್ದ ಸಂಗತಿ ಇದೆಂದು ಮೇಷ್ಟ್ರಿಗೆ ನಂಬಿಕೆಯಾಗಲಿಲ್ಲ.

“ನಗ್ತಿದಾರಾ?” ಅತ್ತೆ ಕೇಳಿದರು. ಅಷ್ಟು ಬಗ್ಗಿದರೂ ಅವರಿಗೆ ಕಾಣುತ್ತಿರಲಿಲ್ಲ. “ಕೆಂಪು ಬೆಳಕಲ್ಲಿ ನನಗೆ ಏನೂ ತಿಳಿಯಲ್ಲ. ನಗ್ತಿದಾರಾ ಹೇಳಿ.”

“ನಗ್ತಿದಾರೆ ಅತ್ತೆ! ಬಾಯಿ ತುಂಬ ನಗ್ತಿದಾರೆ! ತಾಳಿ, ನಿಮಗೂ ತೋರಿಸ್ತೀನಿ!” ಎಂದು ಉಕ್ಕಿಬಂದ ಭಾವದಲ್ಲಿ ಮೇಷ್ಟ್ರು ದೊಡ್ಡ ದೀಪದ ಸ್ವಿಚ್ಚು ಒತ್ತಿಬಿಟ್ಟರು.

ಫಿಕ್ಸರಿಗೆ ಹೋಗದ ಕಾಗದ. ಮಾವನವರು ನಗುನಗುತ್ತಲೇ ಬೂದಿಬಣ್ಣಕ್ಕೆ ತಿರುಗಿ, ಕಪ್ಪಾಗಿ, ಕಾಡಿಗೆಯಾದರು.

“ರೀ!” ಎಂದು ಹೆಂಡತಿ ಕಿರುಚಿದಳು. ಮೇಷ್ಟ್ರು ಗೋಡೆಗೆ ಅಂಟಿಕೊಂಡರು. ಆದರೆ ಅತ್ತೆ ನಗುತ್ತಿದ್ದರು. ನಗುತ್ತ ನಗುತ್ತ ಕಣ್ಣೊರೆಸಿಕೊಂಡರು.

“ಹೋಗ್ಲಿ ಬಿಡೇ. ಫಿಲ್ಮು ಇದೆ, ಕಾಗದ ಬೇಕಾದಷ್ಟಿದೆ. ಅಳಿಯಂದಿರೇ, ನೀವು ಹೊರಗೆ ಹೋಗಿ ಬಾಗಿಲ ಸಂದಿಗೆ ಟವೆಲು ಒತ್ತಿ ಹಿಡ್ಕೊಂಡು ನಿಂತ್ಕೊಳ್ಳಿ. ನಿಮ್ಮ ಮಾವಂದೂ ಅದೇ ಕೆಲಸ. ಮೊದಲನೇ ದಿನ ಅವರೂ ಹೀಗೇ ಸ್ವಿಚ್ಚು ಒತ್ತಿದ್ರು. ಅವತ್ತಿಂದ ಒಳಗೆ ಸೇರಿಸ್ಲಿಲ್ಲ.”

ಪ್ರಥಮ ದರ್ಜೆಯ ಪರೀಕ್ಷಕರು ಹೊರಗೆ ಬಂದು ಮಂಡಿಯೂರಿ ಟವೆಲು ಹಿಡಿದರು. ಒಳಗಿನಿಂದ ಅತ್ತೆಯ ದನಿ ಬಂತು: “ಸುಮ್ನಿರಬೇಡಿ, ಏನಾದ್ರೂ ಹೇಳ್ತಿರಿ. ಅವರು ಹೇಳ್ತಾನೇ ಇರ್ತಿದ್ರು.”

ಮೇಷ್ಟ್ರಿಗೆ ಡೆವಲಪರ್ ಬಗ್ಗೆ ಒಂದಕ್ಷರವೂ ನೆನಪಾಗಲಿಲ್ಲ. ಕೊನೆಗೆ ಬಾಯಿಗೆ ಬಂದದ್ದನ್ನು ಹೇಳತೊಡಗಿದರು: “ಹದಿನೇಳೊಂದ್ಲ ಹದಿನೇಳು... ಹದಿನೇಳೆರಡ್ಲ ಮೂವತ್ನಾಲ್ಕು...”

“ಹಾಂ, ಹಾಗೇ ಹೇಳ್ತಿರಿ” ಎಂದರು ಅತ್ತೆ. “ಬೆಳಕು ಎಷ್ಟು ಹೊತ್ತು ಕೊಡ್ಬೇಕು ಅನ್ನೋದಕ್ಕೆ ಲೆಕ್ಕ ಸಿಕ್ತು. ಹದಿನೇಳೈದ್ಲಕ್ಕೆ ಆರಿಸ್ತೀನಿ.”