ಕೂಟಕ್ಕೆ ಅನುಮತಿ

ಐದೇ ಜನ ಆಗಿದ್ದರೆ ಯಾವ ರಗಳೆಯೂ ಇರುತ್ತಿರಲಿಲ್ಲ. ರೂಪೇಶನ ಗ್ರಹಚಾರಕ್ಕೆ ಆರನೆಯವರಾಗಿ ಕುಕ್ಕಪ್ಪ ಮಾವ ಹೊರಟು ನಿಂತರು.

ರೂಪೇಶ ಪಂಜದಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವವ. ಎಂಥ ಸುಟ್ಟ ಮೋಟಾರನ್ನೂ ಮಾತಾಡಿಸುವ ಅವನಿಗೆ ಸ್ವಂತ ಬಾಯಿ ಮಾತ್ರ ಸ್ಟಾರ್ಟ್ ಆಗುತ್ತಿರಲಿಲ್ಲ. ಏನು ಕೇಳಿದರೂ "ಹ್ಞೂಂ", ತೀರಾ ಒತ್ತಾಯಿಸಿದರೆ "ನೋಡುವ". ಈ ಎರಡು ಶಬ್ದಗಳ ಜೊತೆ ಹೆಂಡತಿ ಭವಿತಾ ಆರು ವರ್ಷ ಸಂಸಾರ ಮಾಡಿದಳು. ಕಳೆದ ವರ್ಷ ಏಳು ತಿಂಗಳ ಮಗು ಹೊಟ್ಟೆಯಲ್ಲೇ ಹೋಯಿತು. ಆಗಲೂ ಅವನಿಂದ ಒಂದು ಮಾತು ಬರಲಿಲ್ಲ. ತವರಿಗೆ ಹೋದವಳು ಮತ್ತೆ ಬರಲಿಲ್ಲ.

ಎಂಟು ತಿಂಗಳಾದ ಮೇಲೆ, ಆ ಶನಿವಾರ ಬೆಳಿಗ್ಗೆ ಅವಳ ಮೆಸೇಜು ಬಂತು: "ಇವತ್ತು ನಾಲ್ಕು ಗಂಟೆಗೆ ಸುಳ್ಯದ ಹೊಸ ಪಾರ್ಕಿಗೆ ಬನ್ನಿ. ಅಮ್ಮ, ಅಣ್ಣ, ಅತ್ತಿಗೆ ಇರ್ತಾರೆ. ಹೇಳುದು ಏನಾದ್ರೂ ಇದ್ರೆ ಅಲ್ಲೇ ಹೇಳಿ. ಇಲ್ಲದಿದ್ರೆ ಸೋಮವಾರ ವಕೀಲರ ಹತ್ರ ಹೋಗುದು. ಊರಿಗೆಲ್ಲ ಗೊತ್ತಾಗುದು ಬೇಡ."

ರೂಪೇಶ ಅದನ್ನು ಹನ್ನೆರಡು ಸಲ ಓದಿದ. ಹದಿಮೂರನೆಯ ಸಲ ಓದಿದ್ದು ಹೆಗಲ ಮೇಲಿಂದ ಇಣುಕಿದ ಸೋದರಮಾವ ಕುಕ್ಕಪ್ಪ.

"ನಾನಿಲ್ಲದೆ ನೀನು ಎಂತ ಮಾತಾಡ್ತಿ ಮಾರಾಯ? ನಾನೂ ಬರ್ತೇನೆ."

ಬೇಡವೆನ್ನಲು ಮಾತು ಬೇಕಲ್ಲ. ರೂಪೇಶ "ಹ್ಞೂಂ" ಎಂದ.

ಜಾಗ ನೋಡಿಟ್ಟುಕೊಳ್ಳೋಣವೆಂದು ಹತ್ತು ಗಂಟೆಗೇ ಪಾರ್ಕಿಗೆ ಹೋದರೆ, ಕಾವಲಿನ ಹಕೀಮ್ ಗೇಟಿನ ಬೋರ್ಡು ತೋರಿಸಿದ. ಐದಕ್ಕಿಂತ ಹೆಚ್ಚು ಜನ ಸೇರುವುದಾದರೆ ಲಿಖಿತ ಅನುಮತಿ ಕಡ್ಡಾಯ.

"ಹೋದ ತಿಂಗಳು ಯಾರೋ ಬರ್ತ್‌ಡೇ ಮಾಡಿ ಬೆಂಚಿಗೆಲ್ಲ ಕೇಕು ಮೆತ್ತಿದ್ರು. ಒಂದು ವಾರ ಇರುವೆ. ಈಗ ಲೆಟರ್ ಇಲ್ಲದೆ ಆರನೆಯವರನ್ನು ನಾನು ಬಿಡುದಿಲ್ಲ."

"ಆರನೆಯವ ಯಾರೂಂತ ನಿನಗೆ ಹೇಗೆ ಗೊತ್ತಾಗುದು?" ಮಾವ ಕೇಳಿದರು.

"ಕೊನೆಗೆ ಬಂದವರು."

ಭವಿತಾ ಎಲ್ಲಿಗೆ ಹೋಗುವುದಿದ್ದರೂ ಕೊನೆಗೇ ಬರುವವಳು. ಮಾವನನ್ನು ಮನೆಗೆ ಕಳಿಸಿಬಿಟ್ಟಿದ್ದರೆ ಲೆಕ್ಕ ಸರಿಯಾಗುತ್ತಿತ್ತು, ಆದರೆ ಹಾಗೆ ಹೇಳುವ ಗಂಡಸು ಅವನಾಗಿದ್ದರೆ ಈ ದಿನವೇ ಬರುತ್ತಿರಲಿಲ್ಲ.

ಉದ್ಯಾನ ಸಮಿತಿಯ ಕಚೇರಿಯಲ್ಲಿ ಗುಮಾಸ್ತ ತಿರುಮಲೇಶ್ವರರು ಚಾ ಕುಡಿದು ಬರುವಾಗ ಹನ್ನೆರಡೂವರೆ. ಫಾರಮ್ಮಿನಲ್ಲಿ 'ಉದ್ದೇಶ' ಎಂಬ ಜಾಗದ ಎದುರು ರೂಪೇಶನ ಪೆನ್ನು ನಿಂತುಬಿಟ್ಟಿತು. ಹೆಂಡತಿಯನ್ನು ಒಲಿಸಲು ಎಂದು ಯಾವ ಗಂಡಸು ಸರಕಾರಿ ಬಣ್ಣದ ಕಾಗದದಲ್ಲಿ ಬರೆಯುತ್ತಾನೆ?

"ಕುಟುಂಬದ ಕೂಟ ಅಂತ ಬರಿ," ಮಾವ ಪಿಸುಗುಟ್ಟಿದರು.

ಜಾಗ ಸಣ್ಣದು. ರೂಪೇಶ 'ಕೂಟ' ಎಂದಷ್ಟೇ ಬರೆದ.

ನಮ್ಮ ಕಡೆ ಈ ಶಬ್ದವನ್ನು ಹಾಗೆ ಬೀದಿಯಲ್ಲಿ ಬಿಡಬಾರದು. ಆಟವೆಂದರೆ ಯಕ್ಷಗಾನ, ಕೂಟವೆಂದರೆ ತಾಳಮದ್ದಳೆ. ವೇಷ ಕಟ್ಟದೆ, ಕೂತಲ್ಲೇ ಪಾತ್ರವಾಗಿ, ಮಾತಿಗೆ ಮಾತು ಕೊಟ್ಟು ಅರ್ಥ ಹೇಳುವುದು. ಅದರಲ್ಲೂ ತಿರುಮಲೇಶ್ವರರು ಹುಟ್ಟಾ ಕಲಾಭಿಮಾನಿ.

"ಕೂಟವೋ!" ಅವರ ಮುಖ ಅರಳಿತು. "ಪ್ರಸಂಗ ಯಾವುದು?"

ಅವರು ಕೇಳಿದ್ದು ಕೂಟದ ಕಥೆ ಯಾವುದೆಂದು; ಸಂದರ್ಭ ಏನೆಂದು ಕೇಳುತ್ತಿದ್ದಾರೆಂದು ರೂಪೇಶ ತಿಳಿದ. ನೆಲ ನೋಡುತ್ತ, "ಹೆಂಡತಿ ಸಿಟ್ಟು ಮಾಡಿ ಹೋದದ್ದು," ಎಂದ.

"ಓ, ಪುರಾಣ ಅಲ್ಲ. ಎದುರು ಮಾತಿಗೆ ಯಾರು?"

"ಹೆಂಡತಿಯೇ."

"ಗಂಡ ಹೆಂಡತಿ ಇಬ್ಬರೂ ಅರ್ಥಧಾರಿಗಳಾ! ಭಾರೀ ಅಪರೂಪ ಮಾರಾಯ್ರೆ. ಪದ ಹಾಡ್ಲಿಕ್ಕೆ ಭಾಗವತರು ಯಾರು?"

ಆಗ ರೂಪೇಶನಿಗೆ ತಲೆಗೆ ಹೋಯಿತು. "ಅಲ್ಲ, ಇದು ಮನೆಯ ವಿಷಯ..."

"ಮನೆಯದ್ದಾದ್ರೆ ಖಾಸಗಿ. ಏಳು ದಿನ ಮೊದಲೇ ಅರ್ಜಿ ಕೊಡ್ಬೇಕು. ಕಲೆ ಆದ್ರೆ ಈಗಲೇ ಸೀಲು ಹಾಕುದು. ಇದು ಕೂಟವೇ ಅಲ್ವಾ?"

ಗಡಿಯಾರ ಒಂದು ತೋರಿಸುತ್ತಿತ್ತು. ಏಳು ದಿನದ ಮೊದಲೇ ಸೋಮವಾರ ಬರುತ್ತದೆ. ರೂಪೇಶ "ಹ್ಞೂಂ" ಎಂದ.

ಅಷ್ಟಕ್ಕೇ ನಿಂತಿದ್ದರೂ ಬಚಾವಾಗುತ್ತಿತ್ತು. ಕುಕ್ಕಪ್ಪ ಮಾವ ಬಾಯಿ ಹಾಕಿದರು: "ಭಾಗವತರು, ಚೆಂಡೆ ಎಂತದ್ದೂ ಇಲ್ಲ ಸ್ವಾಮೀ, ಹೊಸ ಪ್ರಯೋಗ. ನನ್ನ ಅಳಿಯ ಒಳ್ಳೆ ಅರ್ಥಗಾರ. ಬಾಯಿ ಬಿಟ್ರೆ ನಿಲ್ಲಿಸುದು ಕಷ್ಟ."

ತಿರುಮಲೇಶ್ವರರು ತಾವೇ ಪ್ರಸಂಗಕ್ಕೆ 'ಮುನಿದ ಮಡದಿ' ಎಂದು ಹೆಸರಿಟ್ಟು, ಗಂಡನ ಪಾತ್ರದ ಎದುರು ರೂಪೇಶ ಎಂದು ಬರೆದು, ಸಹಿ ಹಾಕಿಸಿಕೊಂಡು ಸೀಲು ಒತ್ತಿದರು. ಮಾವ, ಅಳಿಯ ಹೊರಗೆ ಹೋಗುವುದನ್ನೂ ಕಾಯದೆ ಕಲಾಭಿಮಾನಿಗಳ ವಾಟ್ಸಾಪ್ ಗುಂಪಿಗೆ ಸುದ್ದಿ ಬಿಟ್ಟರು.

ನಾಲ್ಕು ಗಂಟೆಗೆ ಪಾರ್ಕಿನ ಕಟ್ಟೆ, ಬೆಂಚು, ಹುಲ್ಲು ಎಲ್ಲ ಕಡೆ ಜನ. ಹಕೀಮ್ ಪತ್ರ ನೋಡಿ, "ನಿಮ್ಮ ಆರು ಜನಕ್ಕೆ ಅನುಮತಿ ಉಂಟು. ಪ್ರೇಕ್ಷಕರಿಗೆ ಲೆಕ್ಕ ಇಲ್ಲ," ಎಂದು ಒಳಗೆ ಬಿಟ್ಟ. ರೂಪೇಶ ತಲೆ ತಗ್ಗಿಸಿ ಹೋಗಿ ಮರದಡಿಯಲ್ಲಿ ಚಾಪೆ ಹಾಸಿದ. ಭವಿತಾಳ ಅಣ್ಣ, ಅತ್ತಿಗೆ ಮೊದಲು ಬಂದರು; ಭವಿತಾ ತನ್ನ ಅಮ್ಮ ಶೀಲಾವತಿಯ ಕೈ ಹಿಡಿದು ಕೊನೆಗೆ ಬಂದಳು. ಬಡಕಲಾಗಿದ್ದಳು.

"ಇವತ್ತು ಎಂತ ಇಷ್ಟು ಜನ?"

"ಶನಿವಾರ ಅಲ್ವಾ," ಎಂದರು ಮಾವ.

ಮರದಡಿಯ ಚಾಪೆಯಲ್ಲಿ ಎದುರು ಬದುರು ಕೂತರು. ಭವಿತಾ ತಡಮಾಡಲಿಲ್ಲ. "ನನಗೆ ಒಂದೇ ಗೊತ್ತಾಗ್ಬೇಕು. ನಾನು ಆಸ್ಪತ್ರೆಯಿಂದ ಬರಿಗೈಯಲ್ಲಿ ಬಂದ ದಿವಸ ನೀವು ಮೋಟಾರು ರಿಪೇರಿಗೆ ಕೂತ್ರಿ. ಅದು ನನ್ನೊಬ್ಬಳ ಮಗುವಾ?"

ಹಿಂದೆ ಯಾರೋ ಲೊಚಗುಟ್ಟಿದರು. ಅವಳಿಗೆ ಕೇಳಿಸಲಿಲ್ಲ. ಎಂಟು ತಿಂಗಳು ಕಟ್ಟಿಟ್ಟದ್ದು ಹರಿದು ಬರುತ್ತಿತ್ತು. ಅವಳು ಮುಗಿಸುವಾಗ ಕಟ್ಟೆಯಲ್ಲಿದ್ದ ಮೂವರು ಹೆಂಗಸರು ಸೆರಗಿನಿಂದ ಕಣ್ಣೊರೆಸುತ್ತಿದ್ದರು.

ಮಾವ ಬಾಯಿ ತೆರೆಯುವಷ್ಟರಲ್ಲಿ ರೂಪೇಶ ಅವರ ತೊಡೆ ಒತ್ತಿ ಹಿಡಿದ.

"ಆ ಮೋಟಾರು ಹಾಳಾಗಿರ್ಲಿಲ್ಲ," ಎಂದ. ಸ್ವರ ಅವನದ್ದೇ ಅಂತ ಅವನಿಗೇ ಅನಿಸಲಿಲ್ಲ. "ಸರಿ ಇದ್ದದ್ದನ್ನು ಬಿಚ್ಚಿ ಕೂತೆ. ನಿನ್ನ ಮುಖ ನೋಡಿದ್ರೆ ನಾನು ಅತ್ತುಬಿಡ್ತೇನೆ, ಮತ್ತೆ ನಿನ್ನನ್ನು ಹಿಡ್ಕೊಳ್ಳುದು ಯಾರು ಅಂತ ಹೆದರಿಕೆ ಆಯ್ತು. ಮಗುವಿಗೆ ಅಂತ ತಂದ ಟೊಪ್ಪಿ ಕಿಸೆಯಲ್ಲಿತ್ತು. ಎಲ್ಲಿ ಇಡುದು ಗೊತ್ತಾಗ್ಲಿಲ್ಲ. ದಿನಾ ಮಧ್ಯಾಹ್ನ ಅಂಗಡಿಯ ಶಟರ್ ಹಾಕಿ ಅದನ್ನು ನೋಡಿಕೊಂಡು ಕೂತುಕೊಳ್ತಿದ್ದೆ. ನಿನ್ನ ಹತ್ರ ಕೂತು ಅಳ್ಬೇಕಿತ್ತು. ಹೇಗೆ ಅಳುದು ಅಂತ ನನಗೆ ಗೊತ್ತಿಲ್ಲ ಭವಿತಾ."

ಹೇಳುತ್ತಲೇ ಅವನು ಅತ್ತ. ಹುಟ್ಟಿದ ಮೇಲೆ ಇಷ್ಟು ಮಾತು ಒಟ್ಟಿಗೆ ಅವನ ಬಾಯಿಂದ ಬಂದದ್ದು ಅದೇ ಮೊದಲು. ಭವಿತಾಳ ಕೈ ಚಾಪೆಯ ಮೇಲೆ ಮೆಲ್ಲಗೆ ಮುಂದೆ ಬಂತು. ಅವನ ಬೆರಳಿಗೂ ಅವಳ ಬೆರಳಿಗೂ ನಡುವೆ ಒಂದು ಗೇಣು ಉಳಿದಿತ್ತು.

ಆಗ ಇಡೀ ಪಾರ್ಕು ಚಪ್ಪಾಳೆ ತಟ್ಟಿತು.

ಭವಿತಾ ಬೆಚ್ಚಿ ತಿರುಗಿದಳು. ತಿರುಮಲೇಶ್ವರರು ಶಾಲು ಹಿಡಿದು ಕಣ್ಣೊರೆಸುತ್ತ ಓಡಿ ಬಂದರು. "ನಲವತ್ತು ವರ್ಷದಿಂದ ಕೂಟ ಕೇಳ್ತಿದ್ದೇನೆ, ಇಂಥ ಅರ್ಥ ಕೇಳ್ಲಿಲ್ಲ! ಆ ಟೊಪ್ಪಿಯ ಕಲ್ಪನೆ ಎಲ್ಲಿಂದ ಬಂತು ಮಾರಾಯ್ರೆ? ಅಳು ಅಂತೂ ನಿಜದ್ದೇ!"

"ಎಂತ ಕೂಟ?" ಭವಿತಾ ಕೇಳಿದಳು.

ಅವರು ಸಂಭ್ರಮದಿಂದ ತಮ್ಮ ಹತ್ತಿರವಿದ್ದ ಅನುಮತಿ ಪತ್ರದ ಪ್ರತಿ ಬಿಡಿಸಿ ಕೊಟ್ಟರು. ಅವಳು ಓದಿದಳು. ಪ್ರಸಂಗ, ಮುನಿದ ಮಡದಿ. ಗಂಡ, ರೂಪೇಶ. ಕೆಳಗೆ ಸಹಿ.

"ಇದು ನಿಮ್ಮ ಸಹಿಯಾ?"

ರೂಪೇಶನಿಗೆ ಹೇಳಲು ಎಷ್ಟೋ ಇತ್ತು. ಆರನೆಯವರು, ಏಳು ದಿನ, ಸೋಮವಾರ.

"ಹ್ಞೂಂ," ಎಂದ.

"ಮಾತಾಡದ ಗಂಡನನ್ನು ನಾನು ಹೇಗಾದ್ರೂ ಸಹಿಸ್ತಿದ್ದೆ," ಭವಿತಾಳ ಸ್ವರ ತಣ್ಣಗಿತ್ತು. "ನಮ್ಮ ಮಗುವನ್ನು ಇಟ್ಟುಕೊಂಡು ಜನರ ಎದುರು ಅರ್ಥ ಹೇಳಿದ್ರಲ್ಲ. ಎಷ್ಟು ದಿನ ಅಭ್ಯಾಸ ಮಾಡಿದ್ದು?"

ಪತ್ರವನ್ನು ಚಾಪೆಯ ಮೇಲಿಟ್ಟು, ಅಮ್ಮನ ಕೈ ಹಿಡಿದು ಎದ್ದಳು. ರೂಪೇಶ ಅವಳ ಹಿಂದೆ ಏಳಹೋದ. ಹೆಗಲಿಗೆ ಶಾಲು ಹೊದೆಸುತ್ತಿದ್ದ ತಿರುಮಲೇಶ್ವರರು ಅವನನ್ನು ಒತ್ತಿ ಕೂರಿಸಿ, ಹೋಗುತ್ತಿದ್ದವಳನ್ನೇ ನೋಡುತ್ತ ತಲೆದೂಗಿದರು.

"ನಿರ್ಗಮನ ನೋಡಿ! ಒಂದು ಸಲವಾದ್ರೂ ತಿರುಗಿ ನೋಡಿದ್ರಾ?"

ಭವಿತಾ ಗೇಟು ದಾಟುವವರೆಗೂ ಜನ ಚಪ್ಪಾಳೆ ನಿಲ್ಲಿಸಲಿಲ್ಲ.