ಭಾಷ್ಯಂ ಮೇಷ್ಟರ ಮನೆಯಲ್ಲಿ ಸಿನಿಮಾ ಹಾಡು

ಭಾನುವಾರ ಸಂಜೆ ನಾಲ್ಕಕ್ಕೆ ಹೆಣ್ಣು ನೋಡಲು ಬರುತ್ತೇವೆ ಎಂದು ಅರಸೀಕೆರೆಯ ಗಂಡಿನ ಕಡೆಯವರು ಬಸ್ ಕಂಡಕ್ಟರನ ಕೈಲಿ ಹೇಳಿ ಕಳಿಸಿದಾಗ ಭಾಷ್ಯಂ ಮೇಷ್ಟರಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಈ ಜನಕ್ಕೆ ಬೇರೆ ಹೊತ್ತೇ ಸಿಗಲಿಲ್ಲವೇ ಎಂದು ತಲೆಯ ಮೇಲೆ ಕೈ ಹೊತ್ತು ಕೂತರು. ಭಾನುವಾರದ ನಾಲ್ಕು ಗಂಟೆಯೆಂದರೆ ಬೇಲೂರಿನ ಅವರ ಬೀದಿಯಲ್ಲಿ ಸಿನಿಮಾ ಹಾಡಿನ ಹೊತ್ತು.

ಆಗೆಲ್ಲ ಬೀದಿಗೊಂದು ರೇಡಿಯೊ ಇದ್ದರೆ ಅದೇ ಹೆಚ್ಚು. ಈಗಿನವರಿಗೆ ಹೇಳಿದರೆ ನಗುತ್ತಾರೆ, ನಗಲಿ. ಮೇಷ್ಟರ ಮನೆ ಪಕ್ಕದ ಗಂಗಾಧರಪ್ಪನ ಹೋಟೆಲಿನಲ್ಲಿ ಕೋಳಿಗೂಡಿನಷ್ಟು ದೊಡ್ಡ ರೇಡಿಯೊ ಇತ್ತು. ಅದಕ್ಕೆ ಹೂವಿನ ಕಸೂತಿ ಹಾಕಿದ ಮುಸುಕು, ವಾರಕ್ಕೊಮ್ಮೆ ಊದುಬತ್ತಿ. ಭಾನುವಾರ ಸಿಲೋನ್ ಸ್ಟೇಷನ್ನಿನಲ್ಲಿ ಹಾಡು ಶುರುವಾಗುವ ಹೊತ್ತಿಗೆ ಮಾದಿಹಳ್ಳಿಯ ಹಾಲಿನವರು, ಬಿಕ್ಕೋಡಿನ ಎಸ್ಟೇಟ್ ಜೀಪಿನವರು, ದೇವಸ್ಥಾನದ ಗುಮಾಸ್ತರು ಎಲ್ಲ ಒಂದೇ ಬೆಂಚಿನ ಮೇಲೆ ಒತ್ತಿಕೊಂಡು ಕೂರುತ್ತಿದ್ದರು. ಅರ್ಧ ಲೋಟ ಕಾಫಿ ಹಿಡಿದು ಸಂಜೆಯೆಲ್ಲ ಕಳೆದರೂ ಗಂಗಾಧರಪ್ಪ ಮುಖ ಗಂಟಿಕ್ಕುತ್ತಿರಲಿಲ್ಲ. ಒಂದು ಹಾಡಿಗಾಗಿ ಇಡೀ ಬೀದಿ ವಾರವೆಲ್ಲ ಕಾಯುತ್ತಿದ್ದ ದಿನಗಳವು.

ಮೇಷ್ಟರು ಮಾತ್ರ ಆ ಹೊತ್ತಿಗೆ ಸರಿಯಾಗಿ ಕಿಟಕಿ ಬಾಗಿಲು ಜಡಿದುಕೊಂಡು ಕೂರುತ್ತಿದ್ದರು. ಸಂಗೀತ ಅಂದರೆ ಸಭೆಯಲ್ಲಿ ತಂಬೂರಿ ಇಟ್ಟುಕೊಂಡು ವಿದ್ವಾಂಸರು ಹಾಡುವುದು, ಉಳಿದದ್ದೆಲ್ಲ ಗದ್ದಲ. ಸ್ಕೂಲಿನಲ್ಲಿ ಸಿನಿಮಾ ಹಾಡು ಗುನುಗಿದ ಹುಡುಗರು ಬೆಂಚು ಹತ್ತಬೇಕಾಗಿತ್ತು. ರಾಮನವಮಿಯ ಭಾಷಣದಲ್ಲಿ ಸಿನಿಮಾದವರಿಗೆ ಉಗಿಯದೆ ಅವರಿಗೆ ಪಾನಕ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಮಗಳು ಚೆಲುವಾಂಬೆಯನ್ನು ಆಗಲೇ ಮೂರು ಕಡೆಯವರು ನೋಡಿ, ಉಪ್ಪಿಟ್ಟು ತಿಂದು, ಸುಮ್ಮನಾಗಿದ್ದರು. ಈಗ ಬರುತ್ತಿದ್ದ ಹುಡುಗ ರೈಲ್ವೆಯಲ್ಲಿ ಗುಮಾಸ್ತ, ಅವನಪ್ಪ ರಾಮಾನುಜ ಅಯ್ಯಂಗಾರ್ಯರು ಬಹಳ ಮಡಿವಂತರೆಂದು ಸುದ್ದಿ. ಹುಡುಗಿ ದೇವರನಾಮ ಹಾಡಲು ಕೂತ ಗಳಿಗೆಯಲ್ಲಿ ಪಕ್ಕದಿಂದ ಸಿನಿಮಾದ ಒಗ್ಗರಣೆ ಬಿದ್ದರೆ ಈ ಸಂಬಂಧವೂ ಕೈಬಿಟ್ಟಂತೆಯೇ.

ಮೇಷ್ಟರು ಮರ್ಯಾದೆ ಬಿಟ್ಟು ಹೋಟೆಲಿಗೆ ಹೋಗಿ, ಒಂದೇ ಒಂದು ಗಂಟೆ ರೇಡಿಯೊ ನಿಲ್ಲಿಸಪ್ಪಾ ಎಂದು ಕೇಳಿಕೊಂಡರು. ಗಂಗಾಧರಪ್ಪ ಕೈಮುಗಿದ. ಬೇಕಾದರೆ ಕಾಫಿ ನಿಲ್ಲಿಸುತ್ತೇನೆ, ರೇಡಿಯೊ ನಿಲ್ಲಿಸಿದರೆ ಜನ ಬೆಂಚು ಮುರಿದುಹಾಕುತ್ತಾರೆ ಎಂದ.

ಆದರೆ ಆ ರೇಡಿಯೊದ ಏರಿಯಲ್ ತಂತಿಯ ಒಂದು ತುದಿಯನ್ನು ಮೇಷ್ಟರ ಹಿತ್ತಿಲಿನ ತೆಂಗಿನ ಮರಕ್ಕೇ ಕಟ್ಟಿದ್ದರು. ನಾಲ್ಕಕ್ಕೆ ಇನ್ನೇನು ಸ್ವಲ್ಪ ಇದೆ ಅನ್ನುವಾಗ ಮೇಷ್ಟರು ಮೆಲ್ಲಗೆ ಕಾಯಿ ಕೀಳುವ ದೋಟಿ ತೆಗೆದುಕೊಂಡು ತಂತಿಗೆ ಸಿಕ್ಕಿಸಿ ಜಗ್ಗಿದರು. ತಂತಿ ಬಂತು. ಅದರ ಜೊತೆಗೆ ಒಣಗಿದ ಗರಿಯೊಂದೂ ಬಂತು. ತಪ್ಪಿಸಿಕೊಳ್ಳಲು ಗಿರಕಿ ಹೊಡೆದ ಮೇಷ್ಟರ ಸೊಂಟಕ್ಕೆ ತಂತಿ ಎರಡು ಸುತ್ತು ಬಿದ್ದು ಕಚ್ಚೆಗೆ ಸಿಕ್ಕಿಕೊಂಡಿತು. ಅತ್ತ ಹೋಟೆಲಿನಲ್ಲಿ ರೇಡಿಯೊ ಗೊರಗೊರ ಅಂದು ಸುಮ್ಮನಾಯಿತು.

ಜನ ತಂತಿಯನ್ನೇ ಹಿಡಿದುಕೊಂಡು ಹಿತ್ತಿಲಿಗೆ ಬಂದರು. ಮುಂದೆ ಇದ್ದವನು ಎಸ್ಟೇಟ್ ಜೀಪಿನ ಡ್ರೈವರ್ ಜವರಯ್ಯ.

"ಮೇಷ್ಟ್ರೇ, ಈ ತಂತಿ ನಿಮ್ಮ ಕಚ್ಚೇಲಿ ಯಾಕೈತೆ?"

ಗಾಳಿಗೆ ಬಿತ್ತು ಎಂದರು ಮೇಷ್ಟರು. ಮರದ ಒಂದು ಗರಿಯೂ ಅಲ್ಲಾಡುತ್ತಿರಲಿಲ್ಲ. ಅಷ್ಟರಲ್ಲಿ ಬೀದಿಯ ಕೊನೆಯಲ್ಲಿ ಅರಸೀಕೆರೆ ಬಸ್ಸು ನಿಂತ ಸದ್ದಾಯಿತು. ಮೇಷ್ಟರ ಮುಖ ನೋಡಿ ಜವರಯ್ಯನಿಗೇ ಅಯ್ಯೋ ಅನ್ನಿಸಿ, ತಾನೇ ತಂತಿ ಬಿಡಿಸಿದ.

"ಓಗ್ಲಿ ಬುಡಿ. ರೇಡಿಯ ಇಲ್ದಿದ್ರೆ ಏನಂತೆ, ನಿಮ್ಮ ಮಗಳು ಆಡ್ತಾಳಲ್ಲ, ಅದನ್ನೇ ಕೇಳ್ಕಂಡು ಓಯ್ತೀವಿ."

ಬೇಡ ಅಂದರೆ ತಂತಿಯ ಮಾತು ಗಂಡಿನವರ ಕಿವಿಗೆ ಬೀಳುತ್ತದೆ. ಗಂಡಿನವರು ಒಳಗೆ ಚಾಪೆಯ ಮೇಲೆ ಕೂರುವ ಹೊತ್ತಿಗೆ ಹೋಟೆಲಿನ ಜನವೆಲ್ಲ ಹಾಲಿನ ಕ್ಯಾನುಗಳ ಸಮೇತ ಮೇಷ್ಟರ ಜಗಲಿಯ ಮೇಲಿತ್ತು.

ಚೆಲುವಾಂಬೆ ತಲೆ ತಗ್ಗಿಸಿ, ಅಮ್ಮ ವೇದವಲ್ಲಿ ಕಲಿಸಿದ್ದ ದೇವರನಾಮ ಎತ್ತಿಕೊಂಡಳು. ಸಣ್ಣ ದನಿ, ಆದರೆ ಜೇನಿನಂಥದು. ಪಲ್ಲವಿ ಮುಗಿಯಿತು. ಅವಳು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಜಗಲಿಯ ಮೇಲೆ ಯಾರೋ ಬಾಯಲ್ಲೇ ಪಿಟೀಲು ನುಡಿಸಿದರು. ಇನ್ನೊಬ್ಬ ಹಾಲಿನ ಕ್ಯಾನಿನ ಮೇಲೆ ತಬಲ ಹಾಕಿದ. ಎರಡನೆಯ ನುಡಿಗೆ ಇಡೀ ಜಗಲಿ ತಲೆದೂಗುತ್ತ ಜೊತೆಗೆ ಗುನುಗಿತು. ಮೇಷ್ಟರಿಗೆ ಏನೂ ಅರ್ಥವಾಗಲಿಲ್ಲ. ಕಿಟಕಿ ಜಡಿದುಕೊಂಡು ಕೂತವರಿಗೆ ಆ ವರ್ಷದ ಹೊಸ ಸಿನಿಮಾದಲ್ಲಿ ಯಾವ ಮಟ್ಟು ಬಂದಿದೆ ಎಂದು ಹೇಗೆ ತಿಳಿಯಬೇಕು?

ಹಾಡು ಮುಗಿಯಿತು. ರಾಮಾನುಜ ಅಯ್ಯಂಗಾರ್ಯರು ಉತ್ತರೀಯ ಸರಿಮಾಡಿಕೊಂಡು, ಒಂದು ವಿಷಯ ಮುಚ್ಚಿಡದೆ ಹೇಳಿಬಿಡುತ್ತೇನೆ ಎಂದರು. ತಮ್ಮ ಮಗನಿಗೆ ರೇಡಿಯೊ ಇಲ್ಲದೆ ಬೆಳಗಾಗುವುದಿಲ್ಲ, ತಮಗೂ ಅಷ್ಟೆ. ಸಿನಿಮಾ ಹಾಡು ಕೇಳಿದರೆ ಸಿಡಿಯುವ ಮನೆಯ ಹುಡುಗಿ ತಮ್ಮಲ್ಲಿ ಹೊಂದಿಕೊಳ್ಳುವುದಿಲ್ಲವೆಂದು ಮನೆಯಾಕೆ ಆಗಲೇ ಬೇಡ ಅಂದಾಗಿತ್ತು. ಬರುತ್ತೇವೆ ಎಂದು ಮಾತು ಕೊಟ್ಟಿದ್ದಕ್ಕೆ ಬಂದಿದ್ದರು, ಅಷ್ಟೇ.

"ಈಗ ನೀವೇ ಹೇಳಿ ಸ್ವಾಮಿ. ನಿಮ್ಮ ಹುಡುಗಿ ಹಾಡಿದ್ದು ಸಿನಿಮಾ ಮಟ್ಟೋ ಅಲ್ಲವೋ?"

ಜಗಲಿಯವರೆಲ್ಲ ಬಾಗಿಲಿಗೆ ಕತ್ತು ಚಾಚಿದರು. ಅಲ್ಲ ಅಂದರೆ ಬಂದವರು ಎದ್ದುಹೋಗುತ್ತಾರೆ. ಹೌದು ಅಂದರೆ ನಾಳೆಯಿಂದ ಬೇಲೂರಿನಲ್ಲಿ ತಲೆ ಎತ್ತಿ ನಡೆಯುವಂತಿಲ್ಲ. ಮೇಷ್ಟರು ಮಗಳ ಕಡೆ ನೋಡಿದರು. ಅವಳು ಕಾಲ್ಬೆರಳಿನಿಂದ ನೆಲ ಕೆರೆಯುತ್ತ, ಮೊದಲ ಸಲ, ಗಂಡಿನ ಕಡೆ ಕದ್ದು ನೋಡುತ್ತಿದ್ದಳು. ಹುಡುಗನೂ ನೋಡುತ್ತಿದ್ದ. ಮೇಷ್ಟರ ಎದೆ ಕರಗಿ ನೀರಾಯಿತು.

"ಹೌದು ಸ್ವಾಮಿ, ಸಿನಿಮಾದ್ದೇ. ನಾನೇ ಹೇಳಿಕೊಟ್ಟೆ."

ಜಗಲಿಯ ಮೇಲೆ ಸಿಳ್ಳೆ ಬಿತ್ತು. ಅಯ್ಯಂಗಾರ್ಯರು ಎದ್ದು ಬಂದು ಮೇಷ್ಟರ ಎರಡೂ ಕೈ ಹಿಡಿದುಕೊಂಡರು. ಅಲ್ಲೇ ತಾಂಬೂಲ ಬದಲಾಯಿಸಿ, ಲಗ್ನ ಇಡಿಸುವ ಮಾತೂ ಆಗಿಹೋಯಿತು.

ಅವರನ್ನು ಬಸ್ಸು ಹತ್ತಿಸಿ ಬಂದವರೇ ಮೇಷ್ಟರು ಅಡುಗೆಮನೆಗೆ ನುಗ್ಗಿದರು. ಹೋಟೆಲಿನ ಹಾಡು ಕದ್ದು ಕೇಳಿ ಮಗಳಿಗೆ ಕಲಿಸಿದೆಯಾ, ಊರ ಮುಂದೆ ನನ್ನ ಬಾಯಲ್ಲಿ ಸುಳ್ಳು ಹೇಳಿಸಿದೆಯಾ ಎಂದು ವೇದವಲ್ಲಿಯ ಮೇಲೆ ಹರಿಹಾಯ್ದರು. ಆಕೆ ಒಲೆಯ ಮುಂದಿನಿಂದ ಏಳಲೂ ಇಲ್ಲ.

"ಸುಳ್ಳೇನೋ ಹೇಳಿದ್ರಿ, ಅದು ನಿಜ. ಮಗಳು ಹಾಡಿದ್ದು ನಿಮ್ಮಮ್ಮನ ಮಟ್ಟು ರೀ. ನಿಮ್ಮನ್ನ ತೊಟ್ಟಿಲಲ್ಲಿ ಹಾಕಿ ತೂಗ್ತಾ ಹೇಳ್ತಿದ್ರಂತೆ. ಚೆಲುವಿ ಹುಟ್ಟಿದಾಗ ನನಗೆ ಹೇಳ್ಕೊಟ್ರು. ಆ ಸಿನಿಮಾದವರು ಯಾರ ಮನೆ ತೊಟ್ಟಿಲಿಂದ ಎತ್ಕೊಂಡು ಹೋದ್ರೋ ನನಗೇನು ಗೊತ್ತು."

ಆಗಲೇ ಯಾಕೆ ಹೇಳಲಿಲ್ಲ ಎಂದರೆ, ಹೇಳಿದ್ದರೆ ಸಂಬಂಧ ಉಳಿಯುತ್ತಿತ್ತೇ ಎಂದಳು. ಆಮೇಲೆ ಮೆಲ್ಲಗೆ ಅಂದಳು: "ನೀವು ಹಾಡು ಕೇಳೋಕೆ ಸಭೆಗೆ ಹೋದ್ರಿ. ಒಳಗೆ ನಿಮ್ಮಮ್ಮ ಹಾಡಿದ್ದನ್ನ ಯಾವತ್ತು ಕೇಳಿದ್ರಿ?"

ಇದು ನಮ್ಮಮ್ಮನ ಹಾಡು ಎಂದು ಈಗ ಯಾರಿಗೆ ಹೇಳುವುದು? ಬೀದಿ ನಂಬುವುದಿಲ್ಲ, ಅರಸೀಕೆರೆಯವರು ನಂಬಿದರೆ ಮದುವೆ ನಿಲ್ಲುತ್ತದೆ.

ಅಷ್ಟರಲ್ಲಿ ಗಂಗಾಧರಪ್ಪ ತಂತಿ ಮತ್ತೆ ಕಟ್ಟಿಸಿದ್ದ. ನಿಮ್ಮ ಹಾಡು ಬರುತ್ತಿದೆ ಬನ್ನಿ ಎಂದು ಜನ ಬಂದು ಮೇಷ್ಟರ ರಟ್ಟೆ ಹಿಡಿದು ಎಳೆದುಕೊಂಡೇ ಹೋಗಿ ಬೆಂಚಿನ ನಡುವೆ ಕೂರಿಸಿದರು. ರೇಡಿಯೊದೊಳಗೆ ಯಾರೋ ಗುರುತಿಲ್ಲದ ಹೆಂಗಸು ಅಮ್ಮನ ಹಾಡು ಹಾಡುತ್ತಿದ್ದಳು. ಮೇಷ್ಟರ ಕಣ್ಣಲ್ಲಿ ನೀರು ತುಂಬಿ, ತಡೆಯಲಾರದೆ ಧಾರೆಯಾಗಿ ಇಳಿಯಿತು.

ಜವರಯ್ಯ ಪಕ್ಕದವನನ್ನು ಮೊಣಕೈಯಲ್ಲಿ ತಿವಿದು ಹೇಳಿದ: "ಸಿನಿಮಾ ಆಡು ಅಂದ್ರೆ ನಮ್ಮ ಮೇಷ್ಟ್ರಿಗೆ ಎಷ್ಟು ಪ್ರಾಣ ನೋಡ್ಲಾ."